ಸಪ್ತಾಪುರದ ರವಿವಾರದ ನವೋದಯ ತರಬೇತಿ ವರ್ಗ: ಒಬ್ಬ ಪಾಲಕನ ವಿಮರ್ಶೆ

ಧಾರವಾಡದಲ್ಲಿ ಕೇಂದ್ರ ಸರ್ಕಾರದ ವಸತಿ ಶಾಲೆಯಾದ ನವೋದಯದ ಪ್ರವೇಶ ಪರೀಕ್ಷೆಗೆ ತರಬೇತಿ ವರ್ಗಗಳ ಕೊರತೆಯಿಲ್ಲ. ಬಹಳಷ್ಟು ಪಾಲಕರು ಫಲಕದ ಮೇಲಿನ ಆಯ್ಕೆಯಾದ ಮಕ್ಕಳ ಭಾವಚಿತ್ರಗಳನ್ನು ನೋಡಿಯೇ ವರ್ಗವನ್ನು ನಿರ್ಧರಿಸುತ್ತಾರೆ. ಆದರೆ ತಪ್ಪು ಉತ್ತರ ಬರೆದ ಮಗುವಿನೊಡನೆ ಆ ವರ್ಗ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಮೊದಲು ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಹೆಬ್ಬಳ್ಳಿಯ ಶಾಲೆಯಲ್ಲಿ ಐದನೆಯ ತರಗತಿ ಓದುತ್ತಿದ್ದ ನನ್ನ ಮಗಳನ್ನು ಜೂನ್ ತಿಂಗಳಿನಿಂದ ಪರೀಕ್ಷೆಯವರೆಗೆ ಸಪ್ತಾಪುರದ ಒಂದು ರವಿವಾರದ ವರ್ಗಕ್ಕೆ ಕಳುಹಿಸಿದ ಅನುಭವದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಮೆಚ್ಚುಗೆಯ ಜೊತೆಗೆ ಆಕ್ಷೇಪಗಳೂ ಇರುವುದರಿಂದ ವರ್ಗದ ಹೆಸರನ್ನು ಬಿಟ್ಟಿದ್ದೇನೆ.

ನಿವೃತ್ತ ಶಿಕ್ಷಕರೊಬ್ಬರು ಇಬ್ಬರು ಕಿರಿಯ ಶಿಕ್ಷಕರೊಂದಿಗೆ ತಮ್ಮ ಮನೆಯ ಮಹಡಿಯ ಮೇಲೆ ಈ ವರ್ಗವನ್ನು ನಡೆಸುತ್ತಾರೆ. ಆರನೆಯ ತರಗತಿಯ ನವೋದಯ ಪ್ರವೇಶ ಪರೀಕ್ಷೆಯಲ್ಲಿ ಎರಡು ಗಂಟೆಗಳಲ್ಲಿ 80 ಪ್ರಶ್ನೆಗಳಿಗೆ ಉತ್ತರಿಸಬೇಕು. ಅವುಗಳಲ್ಲಿ 40 ಪ್ರಶ್ನೆಗಳು, ಅಂದರೆ 100ರಲ್ಲಿ 50 ಅಂಕಗಳು, ಮಾನಸಿಕ ಸಾಮರ್ಥ್ಯಕ್ಕೆ ಸೇರಿದವು; ಅಂಕಗಣಿತಕ್ಕೂ ಭಾಷೆಗೂ ತಲಾ 20 ಪ್ರಶ್ನೆ, 25 ಅಂಕ. ಶಾಲೆಯಲ್ಲಿ ಎಂದೂ ಕಾಣದ ಆಕೃತಿಗಳ ಪ್ರಶ್ನೆಗಳೇ ಅರ್ಧ ಪತ್ರಿಕೆಯಾಗಿರುವುದರಿಂದ ಹಳ್ಳಿಯ ಜಾಣ ಮಕ್ಕಳೂ ಇಲ್ಲಿ ತಡವರಿಸುತ್ತಾರೆ. ಈ ವರ್ಗದ ನಿಜವಾದ ಶಕ್ತಿ ಇರುವುದು ಈ ಭಾಗದಲ್ಲಿಯೇ. ಕಾಗದವನ್ನು ಮಡಚಿ ತೂತು ಹಾಕಿ ಬಿಚ್ಚಿದಾಗ ಹೇಗೆ ಕಾಣುತ್ತದೆ ಎಂಬ ಪ್ರಶ್ನೆಯನ್ನು ಅವರು ಗೈಡಿನಿಂದ ಆರಂಭಿಸುವುದಿಲ್ಲ. ಹಳೆಯ ಪತ್ರಿಕೆಯ ಚೌಕಾಕಾರದ ತುಂಡನ್ನು ಪ್ರತಿ ಮಗುವಿಗೂ ಕೊಟ್ಟು, ತಾನೇ ಮಡಚಿ ಪಂಚಿಂಗ್ ಯಂತ್ರದಿಂದ ತೂತು ಹಾಕಲು ಹೇಳುತ್ತಾರೆ. ಬಿಚ್ಚುವ ಮೊದಲು ತೂತುಗಳು ಎಲ್ಲೆಲ್ಲಿ ಮೂಡುತ್ತವೆ ಎಂಬುದನ್ನು ಮಗು ಪಾಟಿಯ ಮೇಲೆ ಬರೆದು ತೋರಿಸಬೇಕು. ಕನ್ನಡಿ ಬಿಂಬದ ಪ್ರಶ್ನೆಗಳಿಗೂ ಹಾಗೆಯೇ, ಕೈಗನ್ನಡಿಯೊಂದನ್ನು ವಹಿಯ ಅಂಚಿಗೆ ನಿಲ್ಲಿಸಿ ನೋಡಿದ ಮೇಲೆಯೇ ಪುಸ್ತಕ ತೆರೆಯುತ್ತಾರೆ. ನನ್ನ ಮಗಳು ಆಗಸ್ಟ್ ಹೊತ್ತಿಗೆ ಕಾಗದವಿಲ್ಲದೆಯೇ ಮನಸ್ಸಿನಲ್ಲಿ ಮಡಚಿ ಬಿಚ್ಚುವಷ್ಟು ಸಿದ್ಧಳಾಗಿದ್ದಳು.

ಇದಕ್ಕಿಂತಲೂ ನನಗೆ ಬೆಲೆಯುಳ್ಳದ್ದಾಗಿ ಕಂಡದ್ದು ತಪ್ಪಿನ ವಹಿ. ಪ್ರತಿ ಕಿರುಪರೀಕ್ಷೆಯ ನಂತರ ಮಗು ತನ್ನ ಪ್ರತಿಯೊಂದು ತಪ್ಪನ್ನೂ ನಾಲ್ಕು ಅಂಕಣಗಳಲ್ಲಿ ಒಂದಕ್ಕೆ ಸೇರಿಸಬೇಕು: ಗೊತ್ತಿರಲಿಲ್ಲ, ಓದುವಾಗ ತಪ್ಪಿತು, ಲೆಕ್ಕದಲ್ಲಿ ಜಾರಿತು, ಬೇರೆ ಉತ್ತರದ ವೃತ್ತ ತುಂಬಿತು. ಸರ್ ಬೈಯುವುದಿಲ್ಲ, ಪಕ್ಕದಲ್ಲಿ ಕುಳಿತು "ಇದನ್ನ ಯಾಕ ಆರಿಸಿದಿ, ಹೇಳವಾ" ಎಂದು ಕೇಳಿ, ಮಗು ವಿವರಿಸುವವರೆಗೆ ಕಾಯುತ್ತಾರೆ. ಮಗಳ ವಹಿಯಲ್ಲಿ ಎರಡನೆಯ ಅಂಕಣವೇ ತುಂಬುತ್ತಿತ್ತು. "ಸರಿಯಲ್ಲದ್ದು ಯಾವುದು" ಎಂದಿದ್ದನ್ನು ಆಕೆ "ಸರಿಯಾದದ್ದು ಯಾವುದು" ಎಂದು ಓದಿಕೊಳ್ಳುತ್ತಿದ್ದಳು. ಆ ವಹಿ ಇಲ್ಲದಿದ್ದರೆ ನಾವು ಮನೆಯಲ್ಲಿ ಇನ್ನಷ್ಟು ಲೆಕ್ಕಗಳನ್ನು ಮಾಡಿಸುತ್ತಿದ್ದೆವು. ಅದಿದ್ದ ಕಾರಣ ಪ್ರತಿ ಪ್ರಶ್ನೆಯ ಮುಖ್ಯ ಪದಕ್ಕೆ ಗೆರೆ ಎಳೆಯುವ ಅಭ್ಯಾಸ ಮಾಡಿಸಿದೆವು. ಓದಿಸಲು ಸಮಯವಾಗಲಿ ಹೆಚ್ಚಿನ ವಿದ್ಯೆಯಾಗಲಿ ಇಲ್ಲದ ತಂದೆತಾಯಿಗೂ ಇಂಥ ವಹಿ ದಾರಿ ತೋರಿಸುತ್ತದೆ.

ಉತ್ತರಗಳನ್ನು ಓಎಂಆರ್ ಹಾಳೆಯಲ್ಲಿ, ಅಂದರೆ ಯಂತ್ರ ಓದುವ ಉತ್ತರ ಹಾಳೆಯ ವೃತ್ತಗಳಲ್ಲಿ, ಬಾಲ್ ಪೆನ್ನಿನಿಂದಲೇ ತುಂಬಬೇಕು, ಒಮ್ಮೆ ತುಂಬಿದ್ದನ್ನು ಬದಲಿಸುವಂತಿಲ್ಲ. ಈ ವರ್ಗದಲ್ಲಿ ಮೊದಲ ಪರೀಕ್ಷೆಯಿಂದಲೇ ಪೆನ್ನು ಕೊಡುತ್ತಾರೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವ ವೃತ್ತವನ್ನೂ ಖಾಲಿ ಬಿಡಬಾರದೆಂಬುದನ್ನೂ ರೂಢಿ ಮಾಡಿಸುತ್ತಾರೆ.

ಅಂಕಗಣಿತದ ಬೋಧನೆ ನನಗೆ ತೃಪ್ತಿ ಕೊಡಲಿಲ್ಲ. ಲಸಾಅ, ಮಸಾಅ, ಭಿನ್ನರಾಶಿ, ಶೇಕಡಾವಾರು, ಲಾಭ ನಷ್ಟ ಎಲ್ಲವನ್ನೂ ಕಿರಿಯ ಶಿಕ್ಷಕರು ಸುಲಭ ಸೂತ್ರಗಳ ಮೂಲಕ ಬಹಳ ವೇಗವಾಗಿ ಮುಗಿಸುತ್ತಾರೆ. ಮಗ್ಗಿ ಗಟ್ಟಿಯಿರುವ ಮಕ್ಕಳು ಹೇಗೋ ಹೊಂದಿಕೊಳ್ಳುತ್ತಾರೆ. ಭಿನ್ನರಾಶಿ ಎಂದರೇನು ಎಂಬುದೇ ಸ್ಪಷ್ಟವಾಗದ ಮಕ್ಕಳು ಸೂತ್ರವನ್ನು ಬಾಯಿಪಾಠ ಮಾಡಿ ಮುಂದಿನ ವಾರಕ್ಕೆ ಮರೆಯುತ್ತಾರೆ. ಈ ಭಾಗವನ್ನು ನಾವು ದಿನವೂ ಸಂಜೆ ಮನೆಯಲ್ಲಿಯೇ, ಶಾಲೆಯ ಗಣಿತ ಪುಸ್ತಕವನ್ನು ಮುಂದಿಟ್ಟುಕೊಂಡು ಮಾಡಿಸಬೇಕಾಯಿತು. ಭಾಷೆಯ ಗದ್ಯಭಾಗಗಳ ಅಭ್ಯಾಸ ಸಾಕಷ್ಟು ಚೆನ್ನಾಗಿದೆ.

ಇನ್ನೊಂದು ಆಕ್ಷೇಪ ಗಂಭೀರವಾದದ್ದು. ಸೈನಿಕ ಶಾಲೆಯ ಪರೀಕ್ಷೆ ಬರೆಯುವ ಮಕ್ಕಳನ್ನೂ ಇದೇ ಗುಂಪಿನಲ್ಲಿ ಕೂರಿಸುತ್ತಾರೆ. ಆದರೆ ಅಖಿಲ ಭಾರತ ಸೈನಿಕ ಶಾಲಾ ಪ್ರವೇಶ ಪರೀಕ್ಷೆಯ ಸ್ವರೂಪವೇ ಬೇರೆ: ಆರನೆಯ ತರಗತಿಗೆ 150 ನಿಮಿಷಗಳಲ್ಲಿ 125 ಪ್ರಶ್ನೆ, 300 ಅಂಕ, ಅದರಲ್ಲಿ ಗಣಿತದ 50 ಪ್ರಶ್ನೆಗಳಿಗೆ ತಲಾ ಮೂರರಂತೆ 150 ಅಂಕ, ಜೊತೆಗೆ ನವೋದಯ ಪತ್ರಿಕೆಯಲ್ಲಿ ಇಲ್ಲದ ಸಾಮಾನ್ಯ ಜ್ಞಾನಕ್ಕೆ 50 ಅಂಕ. ಅಲ್ಲಿ ಗಣಿತವೇ ಅರ್ಧ ಪತ್ರಿಕೆ, ಇಲ್ಲಿ ಆಕೃತಿಗಳೇ ಅರ್ಧ ಪತ್ರಿಕೆ. ಹೀಗಿರುವಾಗ ಒಂದೇ ಪಾಠ ಇಬ್ಬರಿಗೂ ಸಾಲದು. ವಿಜಯಪುರ ಅಥವಾ ಕೊಡಗಿನ ಸೈನಿಕ ಶಾಲೆಯ ಆಸೆಯಿಟ್ಟುಕೊಂಡವರು ಈ ವರ್ಗವನ್ನು ನಂಬಿ ಕೂರಬಾರದು ಎಂದು ಸ್ಪಷ್ಟವಾಗಿ ಹೇಳಬಯಸುತ್ತೇನೆ.

ತಿಂಗಳ ಕೊನೆಯ ಪಾಲಕರ ಸಭೆಯಲ್ಲಿ ಎಲ್ಲ ಮಕ್ಕಳ ಅಂಕಗಳನ್ನು ಗಟ್ಟಿಯಾಗಿ ಓದುವ ಪದ್ಧತಿಯೂ ನಿಲ್ಲಬೇಕು. ಕೊನೆಯ ಹೆಸರುಗಳ ಮಕ್ಕಳು ಅಪ್ಪನ ಮುಖ ನೋಡಲಾರದೆ ಕುಳಿತದ್ದನ್ನು ನಾನು ಕಂಡಿದ್ದೇನೆ. ನವೋದಯದ ಈ ಪರೀಕ್ಷೆಯನ್ನು ಒಂದು ಮಗು ಒಂದೇ ಸಲ ಬರೆಯಬಹುದು. ಆ ಭಾರ ಮೊದಲೇ ಇರುವ ಹತ್ತು ವರ್ಷದ ಮಗುವಿನ ಮೇಲೆ ಇದನ್ನೂ ಹೊರಿಸುವುದು ಅನ್ಯಾಯ. ನಾವು ಕೆಲವರು ವಿನಂತಿಸಿಕೊಂಡ ಮೇಲೆ ಅಂಕಪಟ್ಟಿಯನ್ನು ಲಕೋಟೆಯಲ್ಲಿ ಕೊಡಲು ಸರ್ ಒಪ್ಪಿದರು, ಆದರೆ ಕೇಳಿದವರಿಗೆ ಮಾತ್ರ.

ಪ್ರವೇಶದ ಸಮಯದಲ್ಲಿ ಅವರು ನೀಡುವ ತಿಳಿವಳಿಕೆಯನ್ನು ಮಾತ್ರ ಮನಸಾರೆ ಮೆಚ್ಚಬೇಕು. ಮಗು ಯಾವ ಜಿಲ್ಲೆಯ ನಿವಾಸಿಯೋ ಆ ಜಿಲ್ಲೆಯ ಶಾಲೆಯಲ್ಲಿಯೇ ಐದನೆಯ ತರಗತಿ ಓದುತ್ತಿರಬೇಕು, ಅಲ್ಲಿನ ನವೋದಯಕ್ಕೇ ಅರ್ಜಿ ಹಾಕಬೇಕು. ಕನಿಷ್ಠ ಶೇಕಡಾ 75ರಷ್ಟು ಸ್ಥಾನಗಳು ಗ್ರಾಮೀಣ ಮಕ್ಕಳಿಗೆ ಮೀಸಲು. ಆ ಮೀಸಲಾತಿ ಸಿಗಬೇಕಾದರೆ ಮೂರು, ನಾಲ್ಕು ಮತ್ತು ಐದನೆಯ ತರಗತಿಗಳನ್ನು ಗ್ರಾಮೀಣ ಪ್ರದೇಶದ ಶಾಲೆಯಲ್ಲಿಯೇ ಓದಿರಬೇಕು. ಇದನ್ನು ಅರಿಯದೆ, ತರಬೇತಿಗೆ ಅನುಕೂಲವೆಂದು ಗದಗ, ಹಾವೇರಿ ಕಡೆಯ ಹಳ್ಳಿಗಳಿಂದ ಮಗುವಿನ ವರ್ಗಾವಣೆ ಪತ್ರ ತೆಗೆಸಿ ಧಾರವಾಡದ ಶಾಲೆಗೆ ಸೇರಿಸಿದರೆ ಗ್ರಾಮೀಣ ಮೀಸಲಾತಿಯೂ ಹೋಗುತ್ತದೆ, ಸ್ವಂತ ಜಿಲ್ಲೆಯ ಅವಕಾಶವೂ ಹೋಗುತ್ತದೆ. ಮುಂಡರಗಿ ಕಡೆಯಿಂದ ಹಾಗೆಯೇ ಯೋಚಿಸಿ ಬಂದಿದ್ದ ಒಬ್ಬ ತಂದೆಗೆ, ಶುಲ್ಕ ತೆಗೆದುಕೊಳ್ಳುವ ಬದಲು, ಮಗನನ್ನು ಊರಿನ ಶಾಲೆಯಲ್ಲಿಯೇ ಬಿಟ್ಟು ಗದಗಿನಲ್ಲಿ ರವಿವಾರದ ವರ್ಗ ನೋಡಿಕೊಳ್ಳಲು ಸರ್ ನನ್ನೆದುರಿಗೇ ಹೇಳಿ ಕಳುಹಿಸಿದರು.

ಶುಲ್ಕ ತಿಂಗಳಿಗೆ ಒಂದೂವರೆ ಸಾವಿರ ರೂಪಾಯಿ. ಮುದ್ರಿತ ಹಾಳೆಗಳು ಅದರಲ್ಲಿಯೇ ಸೇರಿವೆ, ಮಧ್ಯಾಹ್ನದ ಬುತ್ತಿಯನ್ನು ಮನೆಯಿಂದ ಕಟ್ಟಿಕೊಡಬೇಕು. ಗಣಿತದ ಬುನಾದಿ ಗಟ್ಟಿಯಿದ್ದು, ನವೋದಯವನ್ನಷ್ಟೇ ಗುರಿಯಾಗಿಟ್ಟುಕೊಂಡ ಮಗುವಿಗೆ ಈ ಶುಲ್ಕ ಸಾರ್ಥಕ. ಸೇರಿಸುವ ಮೊದಲು ಒಂದು ರವಿವಾರ ಮಗುವಿನೊಂದಿಗೆ ಹಿಂದಿನ ಸಾಲಿನಲ್ಲಿ ಕುಳಿತು ನೋಡಲು ಅವರು ಬಿಡುತ್ತಾರೆ; ಆ ದಿನ ಹಳೆಯ ವಿದ್ಯಾರ್ಥಿಯೊಬ್ಬರ ತಪ್ಪಿನ ವಹಿಯನ್ನು ಕೇಳಿ ಪಡೆದು ಓದಿ ನೋಡಿ.