ಮಗು ಮಲಗುವ ಕೋಣೆಗೆ ಹ್ಯುಮಿಡಿಟಿ ಮೀಟರ್: ಎಚ್‌ಟಿಸಿ-1 ಬಳಸುವ ಬಗೆ, ಅದರ ಮಿತಿ

ಕಲಬುರಗಿಯ ಬಿಸಿಲಿಗೆ ಬೂಷ್ಟು ಎಲ್ಲಿಂದ ಬರಬೇಕು ಎಂಬ ಮಾತು ಏಪ್ರಿಲ್‌ಗಷ್ಟೇ ಸರಿ. ಮಿರಗದ ಮಳೆ ಹಿಡಿದ ಮೇಲೆ ಪರಸಿ ಕಲ್ಲಿನ ಮಾಳಿಗೆಯ ಸಂದುಗಳಲ್ಲಿ ನೀರು ಇಳಿಯುತ್ತದೆ, ತೊಟ್ಟಿಲ ಬಟ್ಟೆ ಒಳಗೇ ಒಣಗುತ್ತವೆ, ಅಲಮಾರಿಯ ಹಿಂದಿನ ಗೋಡೆ ಸದ್ದಿಲ್ಲದೆ ಕಪ್ಪಾಗುತ್ತದೆ. ಕಪ್ಪು ಕಾಣುವ ಮೊದಲೇ ಗಾಳಿಯ ತೇವ ಏರಿದ್ದನ್ನು ಹೇಳಬಲ್ಲ ಅಗ್ಗದ ಸಾಧನ ಈ ಮೀಟರ್. ಆನ್‌ಲೈನ್‌ನಲ್ಲಿ ಹಲವು ಹೆಸರಲ್ಲಿ, ಸುಮಾರು ಮುನ್ನೂರು ರೂಪಾಯಿ ಆಸುಪಾಸಿಗೆ ಸಿಗುತ್ತದೆ.

ಒಂದು ಟ್ರಿಪಲ್ ಎ ಸೆಲ್ ಸಾಕು. ಉಷ್ಣತೆ, ತೇವಾಂಶ, ಸಮಯ ಮೂರೂ ದೊಡ್ಡ ಅಂಕಿಯಲ್ಲಿ ಕಾಣುತ್ತವೆ. ಗಡಿಯಾರ, ಅಲಾರಂ ಇದ್ದರಾಯಿತು, ಇಲ್ಲದಿದ್ದರೂ ನಡೆಯುತ್ತದೆ. ನಿಜವಾದ ಬೆಲೆ ಇರುವುದು ಗರಿಷ್ಠ-ಕನಿಷ್ಠ ನೆನಪಿಟ್ಟುಕೊಳ್ಳುವ ಗುಂಡಿಗೆ. ರಾತ್ರಿ ಮಲಗುವಾಗ ಹಳೆಯ ಅಂಕಿ ಅಳಿಸಿ, ಬೆಳಿಗ್ಗೆ ಗರಿಷ್ಠ ನೋಡಬೇಕು. ಕಿಟಕಿ ಮುಚ್ಚಿದ ಕೋಣೆಯಲ್ಲಿ ನಾಲ್ಕು ಜನರ ಉಸಿರೇ ತೇವವನ್ನು ಎಷ್ಟು ಏರಿಸುತ್ತದೆ ಎಂಬುದು ಹಗಲಿನ ಅಂಕಿಯಲ್ಲಿ ಗೊತ್ತಾಗುವುದಿಲ್ಲ.

ಇದರ ಅಳತೆಯಲ್ಲಿ ಶೇ. 5ರಷ್ಟು ಹೆಚ್ಚುಕಡಿಮೆ ಇರುತ್ತದೆ, ಆದ್ದರಿಂದ ತಂದ ದಿನವೇ ಉಪ್ಪಿನ ಪರೀಕ್ಷೆ ಮಾಡಿಬಿಡಿ. ಬಾಟಲಿ ಮುಚ್ಚಳದಲ್ಲಿ ಪುಡಿ ಉಪ್ಪು ತುಂಬಿ, ಹಸಿ ಮರಳಿನಂತಾಗುವಷ್ಟು ಮಾತ್ರ ಹನಿ ಹನಿ ನೀರು ಹಾಕಿ. ಅದನ್ನೂ ಮೀಟರನ್ನೂ ಒಂದಕ್ಕೊಂದು ತಾಗದಂತೆ ಬಿಗಿ ಮುಚ್ಚಳದ ಪಾರದರ್ಶಕ ಡಬ್ಬಿಯಲ್ಲಿಟ್ಟು 8ರಿಂದ 12 ತಾಸು ನೆರಳಲ್ಲಿ ಬಿಡಿ. ಒಳಗಿನ ತೇವಾಂಶ ಶೇ. 75ಕ್ಕೆ ಬಂದು ನಿಲ್ಲುತ್ತದೆ. ಮೀಟರ್ 70 ತೋರಿಸಿದರೆ ಮುಂದೆ ಪ್ರತಿ ಸಲವೂ 5 ಕೂಡಿಸಿಕೊಳ್ಳಿ. ನೀರು ಹೆಚ್ಚಾಗಿ ಉಪ್ಪೆಲ್ಲ ಕರಗಿಹೋದರೆ ಅಂಕಿ ಏರುತ್ತದೆ, ಪರೀಕ್ಷೆ ಕೆಟ್ಟಂತೆ.

ಇಡುವ ಜಾಗ ಮುಖ್ಯ. ಮಗು ಮಲಗುವ ಎತ್ತರದಲ್ಲಿ, ಬಿಸಿಲು ಮತ್ತು ಕೂಲರಿನ ಗಾಳಿ ನೇರ ಬಡಿಯದ ಕಡೆ ಇಡಿ. ಒಂದು ದಿನ ಅಲಮಾರಿಯ ಹಿಂದೆಯೂ ಇಟ್ಟು ನೋಡಿ. ಕೋಣೆಯ ನಡುವೆ 55 ಇದ್ದರೂ ಗಾಳಿಯಾಡದ ತಣ್ಣನೆಯ ಗೋಡೆಯ ಬಳಿ 70 ದಾಟಿರಬಹುದು, ಬೂಷ್ಟು ಹುಟ್ಟುವುದು ಅಲ್ಲೇ. ಅಲಮಾರಿಯನ್ನು ಗೋಡೆಯಿಂದ ನಾಲ್ಕು ಬೆರಳು ಈಚೆ ಎಳೆದರೆ ವ್ಯತ್ಯಾಸ ಕಾಣುತ್ತದೆ. ಕೋಣೆಯಲ್ಲಿ 60ರೊಳಗೆ ಇರುವಂತೆ ನೋಡಿಕೊಳ್ಳಬೇಕು, 50ರ ಆಸುಪಾಸು ಇನ್ನೂ ಒಳ್ಳೆಯದು.

ನಮ್ಮ ಕಡೆಯ ಮನೆಗಳಲ್ಲಿ ಈ ಮೀಟರ್ ಮೊದಲು ಹಿಡಿದುಕೊಡುವುದು ಕೂಲರನ್ನು. ಅದು ತಂಪು ಮಾಡುವುದೇ ನೀರನ್ನು ಗಾಳಿಗೆ ಬೆರೆಸಿ. ಹೊರಗೆ ಒಣಹವೆ ಇದ್ದು, ಎದುರಿನ ಕಿಟಕಿ ತೆರೆದಿದ್ದರೆ ತೊಂದರೆಯಿಲ್ಲ. ಬಾಗಿಲು ಕಿಟಕಿ ಮುಚ್ಚಿ ಹಚ್ಚಿದರೆ ಅಂಕಿ ಏರುತ್ತಲೇ ಹೋಗುತ್ತದೆ, ಕೊನೆಗೆ ತಂಪೂ ಇಲ್ಲ. ಮಳೆಗಾಲ ಶುರುವಾದ ಮೇಲೆ ಕೂಲರ್ ನಿಲ್ಲಿಸಿ, ತೊಟ್ಟಿ ಖಾಲಿ ಮಾಡಿ ಒಣಗಿಸಿ. ನಾತ ಬರುವ ಹಳೆಯ ಹುಲ್ಲಿನ ಪ್ಯಾಡನ್ನು ಮುಂದಿನ ಬೇಸಿಗೆಗೆ ಎತ್ತಿಡಬೇಡಿ, ಎಸೆಯಿರಿ. ಅದರಲ್ಲಿ ಬೂಷ್ಟಿದ್ದರೆ ಫ್ಯಾನ್ ಅದನ್ನು ನೇರ ಮಗುವಿನ ಮುಖಕ್ಕೇ ಊದುತ್ತದೆ.

ಮೀಟರ್ ಗಾಳಿಯನ್ನು ಅಳೆಯುತ್ತದೆ, ಗೋಡೆಯನ್ನಲ್ಲ. ಮಾಳಿಗೆ ಸೋರುವ ಅಥವಾ ಪೈಪ್ ಜಿನುಗುವ ಮನೆಯಲ್ಲಿ 50 ತೋರಿಸುತ್ತಲೇ ಗೋಡೆ ಕೊಳೆಯಬಹುದು. ಅಂಥ ಮನೆಗೆ ಮೊದಲು ಬೇಕಾದದ್ದು ಗೌಂಡಿ. ಗೋಡೆಯ ಬುಡದ ಬಿಳಿ ಪುಡಿಯೆಲ್ಲ ಬೂಷ್ಟಲ್ಲ ಎಂಬುದೂ ನೆನಪಿರಲಿ. ನೀರು ಚಿಮುಕಿಸಿ ನೋಡಿ: ಕರಗಿದರೆ ಸೌಳು, ಅಂದರೆ ಗೋಡೆಯೊಳಗಿಂದ ಹೊರಬಂದ ಉಪ್ಪು; ಕರಗದಿದ್ದರೆ ಬೂಷ್ಟಿರಬಹುದು.

ಒಂದು ಚದರ ಮೀಟರಿಗಿಂತ ಕಡಿಮೆ ಇರುವ ಬೂಷ್ಟನ್ನು ಮನೆಯವರೇ ತೆಗೆಯಬಹುದು. ಮಕ್ಕಳನ್ನು ಹೊರಗೆ ಕಳಿಸಿ, ಎನ್95 ಮಾಸ್ಕ್ ಮತ್ತು ಗ್ಲೌಸ್ ಹಾಕಿ, ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಿ. ಒಣ ಬ್ರಶ್ಶಿನಿಂದ ತಿಕ್ಕಿದರೆ ಬೀಜಕಣ ಮನೆಯೆಲ್ಲ ಹರಡುತ್ತವೆ. ಬ್ಲೀಚ್ ಸುಣ್ಣದ ಗಾರೆಯ ಒಳಗಿಳಿದದ್ದನ್ನು ಕೊಲ್ಲುವುದಿಲ್ಲ, ಬಣ್ಣವಷ್ಟೇ ಹೋಗುತ್ತದೆ. ಬ್ಲೀಚಿಗೆ ಬಾತ್‌ರೂಮ್ ಆ್ಯಸಿಡ್ ಬೆರೆಸಿದರೆ ಕ್ಲೋರಿನ್ ವಿಷಗಾಳಿ ಏಳುತ್ತದೆ. ತೇವ ಆರುವ ಮೊದಲೇ ಪೇಂಟ್ ಹೊಡೆದರೆ ಅದು ಉಬ್ಬಿ ಉದುರುತ್ತದೆ.

ಇಷ್ಟೆಲ್ಲ ಮಗುವಿಗಾಗಿಯೇ ಏಕೆ? ಮಕ್ಕಳ ಶ್ವಾಸನಾಳ ಕಿರಿದು, ತೂಕಕ್ಕೆ ಹೋಲಿಸಿದರೆ ಅವರು ದೊಡ್ಡವರಿಗಿಂತ ಹೆಚ್ಚು ಗಾಳಿ ಎಳೆಯುತ್ತಾರೆ. ತೇವ-ಬೂಷ್ಟಿನ ಮನೆಗಳಲ್ಲಿ ಅಸ್ತಮಾ ಕೆರಳುವುದು, ಕೆಮ್ಮು, ಉಸಿರಾಟದ ಸೋಂಕು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲಿ ಹೇಳಿದೆ. ರಾತ್ರಿಯ ಕೆಮ್ಮು, ಏಳುತ್ತಲೇ ಸಾಲು ಸೀನು ಅಜ್ಜಿಯ ಊರಿಗೆ ಹೋದಾಗ ಕಡಿಮೆಯಾಗಿ, ಮನೆಗೆ ಬಂದಾಗ ಮರಳಿದರೆ ಮೀಟರಿನ ಅಂಕಿಗಳನ್ನು ಬರೆದುಕೊಂಡು ಮಕ್ಕಳ ಡಾಕ್ಟರಿಗೆ ತೋರಿಸಿ. ಉಸಿರೆಳೆವಾಗ ಪಕ್ಕೆ ಒಳಸೇರಿದರೆ, ಮಗು ಹಾಲೂ ಕುಡಿಯಲಾರದಿದ್ದರೆ ಅಂಕಿ ನೋಡುತ್ತ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೊರಡಿ.

5ಕ್ಕೆ 4 ಅಂಕ. ಇದಕ್ಕಿಂತ ಅಗ್ಗದ, ಬೆಂಕಿಪೊಟ್ಟಣದಷ್ಟು ಚಿಕ್ಕ ಮೀಟರ್‌ಗಳಲ್ಲಿ ಹಲವು ಬಟನ್ ಸೆಲ್ ಮೇಲೆ ನಡೆಯುತ್ತವೆ. ಚಿಕ್ಕ ಮಗು ಆ ಸೆಲ್ಲನ್ನು ನುಂಗಿದರೆ ಕೆಲವೇ ತಾಸಿನಲ್ಲಿ ಅನ್ನನಾಳ ಸುಟ್ಟುಹೋಗಬಹುದು. ಅಂಥದ್ದನ್ನು ಮಕ್ಕಳಿರುವ ಮನೆಗೆ ತರಬೇಡಿ.