ಸಿಲ್ವರ್ ಓಕ್ ನೆರಳಿನಲ್ಲಿ ಡ್ರೋನ್: ದೃಶ್ಯದ ವಿಳಂಬದಲ್ಲಿ ನಾಲ್ಕು ವ್ಯವಸ್ಥೆಗಳ ಹೋಲಿಕೆ

ಕ್ಯಾಮೆರಾ ಡ್ರೋನ್ ಕೊಳ್ಳುವವರು ಸಾಮಾನ್ಯವಾಗಿ ವಿಚಾರಿಸುವುದು ಅದು ಎಷ್ಟು ದೂರ ಹೋಗುತ್ತದೆ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ವಿಡಿಯೋ 4ಕೆ ಹೌದೋ ಅಲ್ಲವೋ ಎಂಬುದನ್ನು. ಡ್ರೋನ್ ಕಂಡದ್ದು ನಮ್ಮ ಕೈಯಲ್ಲಿರುವ ಪರದೆಗೆ ಎಷ್ಟು ತಡವಾಗಿ ಬರುತ್ತದೆ ಎಂದು ಕೇಳುವವರು ಕಡಿಮೆ. ತೆರೆದ ಹೊಲದ ಮೇಲೆ ಹಾರಿಸುವವರಿಗೆ ಈ ಪ್ರಶ್ನೆ ಅಷ್ಟಾಗಿ ಕಾಡುವುದೂ ಇಲ್ಲ. ಕೊಡಗಿನಲ್ಲಿ ಮಾತ್ರ ಹಾರಾಟವೆಂದರೆ ಹೆಚ್ಚಿನ ಪಾಲು ಕಾಫಿ ತೋಟದ ಮೇಲೆ, ಕೆಲವೊಮ್ಮೆ ತೋಟದ ಒಳಗೇ, ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಗಳ ಸಾಲಿನ ನಡುವೆ ನಡೆಯುವಂಥದ್ದು. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹೋಗುತ್ತಿರುವ ಡ್ರೋನಿನ ದೃಶ್ಯ 200 ಮಿಲಿಸೆಕೆಂಡ್ ತಡವಾಗಿ ಬಂದರೆ, ಪರದೆಯಲ್ಲಿ ಕೊಂಬೆ ಇನ್ನೂ ಮೂರು ಮೀಟರ್ ಮುಂದಿದೆ ಎಂದು ಕಾಣುವಾಗ ನಿಜದಲ್ಲಿ ಉಳಿದಿರುವುದು ಒಂದೇ ಮೀಟರ್. ಇದರ ಮೇಲೆ ನಮ್ಮ ಕಣ್ಣು ಕಂಡದ್ದಕ್ಕೆ ಕೈ ಸ್ಪಂದಿಸಲು ಬೇಕಾಗುವ ಕಾಲುಭಾಗ ಸೆಕೆಂಡಿನಷ್ಟು ಹೊತ್ತನ್ನೂ ಸೇರಿಸಿಕೊಳ್ಳಬೇಕು.

ನಾನು ಹೋಲಿಸಿದ್ದು ನಾಲ್ಕು ಬಗೆಯ ವ್ಯವಸ್ಥೆಗಳನ್ನು. ಮೊದಲನೆಯದು ಸಾಮಾನ್ಯ ವೈಫೈ ಮೂಲಕ ನೇರವಾಗಿ ಫೋನಿಗೆ ದೃಶ್ಯ ಕಳುಹಿಸುವ ಅಗ್ಗದ ಡ್ರೋನ್. ಎರಡನೆಯದು 2020ರಲ್ಲಿ ಬಂದ ಡಿಜೆಐ ಮಿನಿ 2; ಇದರಲ್ಲಿರುವುದು ಆಕ್ಯುಸಿಂಕ್ 2.0 ಎಂಬ ಪ್ರಸಾರ ವ್ಯವಸ್ಥೆ. ಮೂರನೆಯದು ಬಿಡಿಭಾಗ ತಂದು ಜೋಡಿಸಿದ ಐದು ಇಂಚು ರೆಕ್ಕೆಯ ಎಫ್‌ಪಿವಿ ಡ್ರೋನ್, ಅಂದರೆ ಅದರ ಕ್ಯಾಮೆರಾ ಕಂಡದ್ದನ್ನು ಗಾಗಲಿನಲ್ಲಿ ನೋಡುತ್ತಾ ಹಾರಿಸುವಂಥದ್ದು. ಅದರ ಮೇಲೆ ದೃಶ್ಯ ಕಳುಹಿಸುವ ಡಿಜಿಟಲ್ ಏರ್ ಯೂನಿಟ್, ಕಣ್ಣಿಗೆ ಅದರದೇ ಗಾಗಲ್. ನಾಲ್ಕನೆಯದು ಅದೇ ಅಳತೆಯ ಇನ್ನೊಂದು ಡ್ರೋನಿಗೆ ಕೂರಿಸಿದ ಹಳೆಯ ಮಾದರಿಯ ಅನಲಾಗ್ ಪ್ರಸಾರ. ಮಾರುಕಟ್ಟೆಯಲ್ಲಿ ಇವುಗಳಿಗಿಂತ ಹೊಸವು ಬಂದಿವೆ ನಿಜ. ಆದರೆ 2022ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಸಿದ್ಧ ಡ್ರೋನ್‌ಗಳ ಆಮದನ್ನು ನಿಷೇಧಿಸಿ ಬಿಡಿಭಾಗಗಳಿಗೆ ಮಾತ್ರ ಅವಕಾಶ ಉಳಿಸಿದ ಮೇಲೆ, ನಮ್ಮ ಕಡೆಯ ಹವ್ಯಾಸಿಗಳ ಮತ್ತು ಮದುವೆ ಚಿತ್ರ ತೆಗೆಯುವವರ ಕೈಯಲ್ಲಿ ಹೆಚ್ಚಾಗಿ ಕಾಣಸಿಗುವುದು ಆ ಮೊದಲೇ ಬಂದ ಮಾದರಿಗಳು, ಇಲ್ಲವೇ ಮನೆಯಲ್ಲೇ ಜೋಡಿಸಿಕೊಂಡವು.

ವಿಳಂಬವನ್ನು ಅಳೆಯುವ ಸುಲಭ ದಾರಿ ಎಂದರೆ ಒಂದು ಫೋನಿನಲ್ಲಿ ಸ್ಟಾಪ್‌ವಾಚ್ ಓಡಿಸಿ, ಅದನ್ನು ಡ್ರೋನ್ ಕ್ಯಾಮೆರಾದ ಮುಂದೆ ಹಿಡಿದು, ಸ್ಟಾಪ್‌ವಾಚನ್ನೂ ದೃಶ್ಯ ಬರುತ್ತಿರುವ ಪರದೆಯನ್ನೂ ಒಂದೇ ಚಿತ್ರದಲ್ಲಿ ಸೆರೆಹಿಡಿಯುವುದು. ಎರಡು ಅಂಕಿಗಳ ವ್ಯತ್ಯಾಸವೇ ವಿಳಂಬ. ಇದರಲ್ಲಿ ಎರಡು ಕೊರತೆಗಳಿವೆ. ಸಾಮಾನ್ಯ ಫೋನಿನ ಪರದೆ ಸೆಕೆಂಡಿಗೆ 60 ಬಾರಿ ಮಾತ್ರ ಬದಲಾಗುವುದರಿಂದ ಹದಿನಾರು ಹದಿನೇಳು ಮಿಲಿಸೆಕೆಂಡಿನ ಅನಿಶ್ಚಿತತೆ ಉಳಿಯುತ್ತದೆ. ಮೇಲಾಗಿ ಡ್ರೋನ್ ಕೈಯಳತೆಯಲ್ಲಿ ಇದ್ದಾಗ ಮಾತ್ರ ಅಳೆಯಲು ಸಾಧ್ಯ. ನನಗೆ ಬೇಕಾಗಿದ್ದದ್ದು ಮರಗಳ ಆಚೆ ಡ್ರೋನ್ ಇರುವಾಗಿನ ವಿಳಂಬ. ಅದಕ್ಕಾಗಿ ತೋಟದ ಮೋಟಾರಿಗೆಂದು ತಂದಿಟ್ಟಿದ್ದ ಉದ್ದನೆಯ ಎರಡೆಳೆ ವೈರಿನ ಎರಡೂ ತುದಿಗೆ ಒಂದೊಂದು ಎಲ್‌ಇಡಿ ಕಟ್ಟಿ, ನಡುವೆ ಒಂದೇ ಸ್ವಿಚ್ ಇಟ್ಟೆ. ಸ್ವಿಚ್ ಒತ್ತಿದಾಗ ಎರಡೂ ದೀಪ ಏಕಕಾಲಕ್ಕೆ ಹತ್ತುತ್ತವೆ. ದೂರದ ತುದಿಯಲ್ಲಿ ರೆಕ್ಕೆ ಬಿಚ್ಚಿದ ಡ್ರೋನನ್ನು ಮೆಣಸು ಕೊಯ್ಯುವ ಬಿದಿರಿನ ಏಣಿಯ ಮೇಲ್ಮೆಟ್ಟಿಲಿಗೆ ಬಿಗಿದು, ಅದರ ಕ್ಯಾಮೆರಾದ ಎದುರಿಗೆ ಒಂದು ದೀಪ ಬರುವಂತೆ ಮಾಡಿ, ಈ ತುದಿಯಲ್ಲಿ ಇನ್ನೊಂದು ದೀಪವನ್ನು ಪರದೆಯ ಅಥವಾ ಗಾಗಲಿನ ಅಂಚಿಗೆ ಅಂಟಿಸಿ, ಸೆಕೆಂಡಿಗೆ 240 ಚಿತ್ರ ಹಿಡಿಯುವ ಸ್ಲೋ ಮೋಷನ್ ವಿಡಿಯೋ ತೆಗೆದೆ. ನಮ್ಮ ಪಕ್ಕದ ದೀಪ ಹತ್ತಿದ ಚಿತ್ರಕ್ಕೂ ಪರದೆಯೊಳಗಿನ ದೀಪ ಹತ್ತಿದ ಚಿತ್ರಕ್ಕೂ ನಡುವೆ ಎಷ್ಟು ಚಿತ್ರಗಳಿವೆ ಎಂದು ಎಣಿಸಿ, ಪ್ರತಿಯೊಂದಕ್ಕೆ ನಾಲ್ಕು ಮಿಲಿಸೆಕೆಂಡಿಗಿಂತ ಚೂರು ಹೆಚ್ಚು ಲೆಕ್ಕ ಹಿಡಿದರೆ ಸಾಕು. ಮಾಡಿ ನೋಡುವವರಿಗೆ ಒಂದು ಎಚ್ಚರಿಕೆ: ಡಿಜಿಟಲ್ ಏರ್ ಯೂನಿಟ್ ಹಾರಾಟದ ಗಾಳಿಯಿಂದಲೇ ತಣ್ಣಗಾಗುವಂಥದ್ದು, ನಿಂತಲ್ಲೇ ಚಾಲೂ ಇಟ್ಟರೆ ಬೇಗನೆ ಬಿಸಿಯಾಗುತ್ತದೆ. ಮೋಟಾರ್ ಆರ್ಮ್ ಆಗುವವರೆಗೆ, ಅಂದರೆ ತಿರುಗಲು ಸಿದ್ಧವಾಗುವವರೆಗೆ, ಕಡಿಮೆ ಶಕ್ತಿಯಲ್ಲಿ ಪ್ರಸಾರ ಮಾಡುವ ಆಯ್ಕೆಯೂ ಅದರಲ್ಲಿದೆ. ಅದನ್ನು ತೆಗೆಯದೆ ಅಳೆದರೆ ಫಲಿತಾಂಶ ತಪ್ಪುದಾರಿ ಹಿಡಿಸುತ್ತದೆ.

ಅಂಕಿಗಳಿಗೆ ಹೋಗುವ ಮೊದಲು ವಿಳಂಬ ಹುಟ್ಟುವುದು ಎಲ್ಲಿ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ದೂರದಿಂದಾಗಿ ತಡವಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ರೇಡಿಯೋ ಅಲೆ ಒಂದು ಕಿಲೋಮೀಟರ್ ಸಾಗಲು ಬೇಕಾಗುವುದು ಸುಮಾರು 3.3 ಮೈಕ್ರೋಸೆಕೆಂಡ್, ಅದು ಲೆಕ್ಕಕ್ಕೇ ಬರುವುದಿಲ್ಲ. ತಡವಾಗುವುದು ಎರಡು ತುದಿಗಳಲ್ಲಿ. ಸೆಕೆಂಡಿಗೆ 30 ಚಿತ್ರ ಹಿಡಿಯುವ ಕ್ಯಾಮೆರಾ ಒಂದು ಚಿತ್ರ ಪೂರ್ಣಗೊಳಿಸಲು 33 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಆಮೇಲೆ ಅದನ್ನು ಕುಗ್ಗಿಸಬೇಕು, ಪ್ಯಾಕೆಟ್‌ಗಳಾಗಿ ಒಡೆಯಬೇಕು, ಕಳುಹಿಸಬೇಕು. ಈ ಕಡೆ ಎಲ್ಲವೂ ಬಂದು ಸೇರುವವರೆಗೆ ಕಾಯ್ದು, ಬಿಡಿಸಿ, ಪರದೆಗೆ ತರಬೇಕು. ಅನಲಾಗ್‌ನಲ್ಲಿ ಈ ಯಾವ ಕೆಲಸವೂ ಇಲ್ಲ. ಕ್ಯಾಮೆರಾ ಒಂದೊಂದು ಗೆರೆಯನ್ನು ಓದಿದಂತೆಯೇ ಅದು ಗಾಳಿಗೆ ಹೋಗುತ್ತದೆ, ಪೂರ್ತಿ ಚಿತ್ರ ಸಿದ್ಧವಾಗುವವರೆಗೂ ಯಾರೂ ಕಾಯುವುದಿಲ್ಲ.

ಕೊಯ್ಲು ಮುಗಿದು ತೆರವಾಗಿದ್ದ ಗದ್ದೆಯಲ್ಲಿ, ನಡುವೆ ಯಾವ ಅಡ್ಡಿಯೂ ಇಲ್ಲದಾಗ, ನಾಲ್ಕೂ ತಮ್ಮ ಹೆಸರಿಗೆ ತಕ್ಕಂತೆ ನಡೆದವು. ಅನಲಾಗ್ 25ರಿಂದ 35 ಮಿಲಿಸೆಕೆಂಡಿನೊಳಗೆ ಇತ್ತು. ಡಿಜಿಟಲ್ ಎಫ್‌ಪಿವಿಗೆ ತಯಾರಕರು ಹೇಳುವುದು ಸೆಕೆಂಡಿಗೆ 120 ಚಿತ್ರಗಳ ಬಗೆಯಲ್ಲಿ 28ಕ್ಕಿಂತ ಕಡಿಮೆ, 60 ಚಿತ್ರಗಳ ಬಗೆಯಲ್ಲಿ 40ಕ್ಕಿಂತ ಕಡಿಮೆ ಎಂದು; ನನ್ನ ಎಣಿಕೆಯೂ ಅದರ ಆಸುಪಾಸಿನಲ್ಲೇ ಬಂತು. ಮಿನಿ 2ಕ್ಕೆ ಹೇಳಿರುವ ಅಂಕಿ ಸುಮಾರು 200. ನನಗೂ ಹೆಚ್ಚು ಕಡಿಮೆ ಅಷ್ಟೇ ಸಿಕ್ಕಿತು. ಅಚ್ಚರಿ ತಂದದ್ದು ವೈಫೈ ಡ್ರೋನ್. ಸುತ್ತಮುತ್ತ ಬೇರೆ ಯಾವ ವೈಫೈ ಜಾಲವೂ ಇಲ್ಲದ ಆ ಗದ್ದೆಯಲ್ಲಿ ಅದು ಬಹುಪಾಲು ಮಿನಿ 2ರ ಜೊತೆಜೊತೆಗೇ ಸಾಗಿತು, ಆಗಾಗ ಅದಕ್ಕಿಂತ ಬೇಗವೂ ಇತ್ತು. ಅಂಗಡಿಯ ಮುಂದೆಯೋ ಮೈದಾನದಲ್ಲೋ ಐದು ನಿಮಿಷ ಹಾರಿಸಿ ನೋಡಿ ಕೊಂಡವರಿಗೆ ಬೆಲೆಯ ವ್ಯತ್ಯಾಸ ಏಕೆಂದು ಅರ್ಥವಾಗದಿರುವುದು ಇದೇ ಕಾರಣಕ್ಕೆ.

ತೋಟದೊಳಗೆ ಹೋದ ಮೇಲೆ ಚಿತ್ರ ಪೂರ್ತಿ ಬದಲಾಗುತ್ತದೆ. ವೈಫೈ ಮೂಲತಃ ಕಳುಹಿಸಿದ್ದು ತಲುಪಿತೇ ಎಂದು ಕೇಳಿ, ತಲುಪದಿದ್ದರೆ ಮತ್ತೆ ಕಳುಹಿಸುವ ಪದ್ಧತಿಯದು. ಮನೆಯಲ್ಲಿ ಸಿನಿಮಾ ನೋಡುವವರಿಗೆ ಅದು ಒಳ್ಳೆಯದೇ, ಹಾರಿಸುವವರಿಗೆ ಹಾಗಲ್ಲ. ರೋಬಸ್ಟಾ ಕಾಫಿ ಗಿಡಗಳ ಮೇಲೆ ನಾಲ್ಕಾರು ಸಿಲ್ವರ್ ಓಕ್ ಅಡ್ಡ ಬಂದೊಡನೆ ಮರುಪ್ರಸಾರಗಳು ಹೆಚ್ಚಿ, ದೃಶ್ಯ ಸರದಿಯಲ್ಲಿ ನಿಂತು, ವಿಳಂಬ ಅರ್ಧ ಸೆಕೆಂಡಿಗೆ, ಕೆಲವೊಮ್ಮೆ ಅದಕ್ಕೂ ಮೇಲಕ್ಕೆ ಏರಿತು. ಇನ್ನೂ ಕೆಟ್ಟದ್ದೆಂದರೆ ಆಗಲೂ ಚಿತ್ರ ಸ್ವಚ್ಛವಾಗಿಯೇ ಕಾಣುತ್ತಿತ್ತು. ಹಾರಿಸುವವನಿಗೆ ತಾನು ನೋಡುತ್ತಿರುವುದು ಹಳೆಯ ದೃಶ್ಯ ಎಂಬ ಯಾವ ಸೂಚನೆಯೂ ಸಿಗುವುದಿಲ್ಲ; ಚಿತ್ರ ನಿಂತೇ ಹೋದಾಗಲೂ ಡ್ರೋನ್ ತೇಲುತ್ತಾ ನಿಂತಿದೆಯೋ ಪರದೆಯೇ ನಿಂತಿದೆಯೋ ಎಂದು ತಿಳಿಯಲು ಒಂದು ಕ್ಷಣ ಬೇಕು.

ಮಿನಿ 2ರ ನಡವಳಿಕೆ ಇದಕ್ಕೆ ಬೇರೆ. ಆಕ್ಯುಸಿಂಕ್ 2.4 ಮತ್ತು 5.8 ಗಿಗಾಹರ್ಟ್ಜ್ ಎರಡರಲ್ಲೂ ಕೆಲಸ ಮಾಡಬಲ್ಲದು. ಸಿಗ್ನಲ್ ಕುಗ್ಗಿದಾಗ ತಾನೇ ಅನುಕೂಲದ ಚಾನೆಲ್ ಹುಡುಕಿಕೊಳ್ಳುತ್ತದೆ, ಅದೂ ಸಾಲದಿದ್ದರೆ ಚಿತ್ರದ ಗುಣಮಟ್ಟವನ್ನು ಇಳಿಸುತ್ತದೆ. ಮರಗಳ ಹಿಂದೆ ಅದರ ವಿಳಂಬ 250ರ ಸುತ್ತ ಓಡಾಡಿದರೂ ಕೈಮೀರಿ ಹೋಗಲಿಲ್ಲ. ಎಲೆಗಳ ಅಂಚು ಮಸುಕಾಗಿ, ನೆಲ ಬಣ್ಣದ ಚೌಕಗಳಾಗಿ ಒಡೆಯತೊಡಗಿದಾಗ ಹಿಂದೆ ಬರಬೇಕು ಎಂದು ಗೊತ್ತಾಗುತ್ತದೆ. ಆದರೂ ಇದು ಮರಗಳ ನಡುವೆ ನುಸುಳಲು ತಕ್ಕ ಯಂತ್ರವಲ್ಲ. ನೆರಳುಮರಗಳ ತುದಿಗಿಂತ ಮೇಲೆ ನಿಂತು ತೋಟವನ್ನು ತೋರಿಸುವುದು ಅದರ ಕೆಲಸ. ಆ ಕೆಲಸದಲ್ಲಿ 200 ಮಿಲಿಸೆಕೆಂಡಿನಿಂದ ಯಾವ ನಷ್ಟವೂ ಇಲ್ಲ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಗಿಡಗಳೆಲ್ಲ ಬೆಳ್ಳಗಾದಾಗ ಮೇಲಿನಿಂದ ನಿಧಾನವಾಗಿ ಸರಿಯುವ ದೃಶ್ಯ ಬೇಕಾದವರಿಗೆ ನಾನು ಇದರ ಹೊರತು ಬೇರೆ ಹೇಳುವುದಿಲ್ಲ.

ಡಿಜಿಟಲ್ ಎಫ್‌ಪಿವಿ ಮತ್ತು ಅನಲಾಗ್ ನಡುವಿನ ಹೋಲಿಕೆಯೇ ನಿಜವಾದ ಸ್ಪರ್ಧೆ. ಎರಡೂ 5.8 ಗಿಗಾಹರ್ಟ್ಜ್‌ನಲ್ಲಿ ಪ್ರಸಾರ ಮಾಡುತ್ತವೆ. ಐದು ಸೆಂಟಿಮೀಟರಿನಷ್ಟೇ ಉದ್ದದ ಆ ಅಲೆಗೆ ಎಲೆ, ಅದರಲ್ಲೂ ಒದ್ದೆ ಎಲೆ, ದೊಡ್ಡ ಅಡ್ಡಿ. ಸಿಗ್ನಲ್ ಕುಗ್ಗಿದಾಗ ಅನಲಾಗ್‌ನ ಪರದೆ ತುಂಬ, ಆಂಟೆನಾ ತಿರುಗಿದ ಹಳೆಯ ಟಿವಿಯಲ್ಲಿ ಕಾಣುತ್ತಿದ್ದಂಥ ಬಿಳಿ ಚುಕ್ಕೆಗಳು ಮುತ್ತಿಕೊಳ್ಳುತ್ತವೆ, ಬಣ್ಣ ಹೋಗುತ್ತದೆ, ಗೆರೆಗಳು ಜಾರುತ್ತವೆ; ಆದರೆ ವಿಳಂಬ ಮಾತ್ರ ಒಂದಿಷ್ಟೂ ಹೆಚ್ಚುವುದಿಲ್ಲ. ಕಾಣುವಷ್ಟು ಈ ಕ್ಷಣದ್ದೇ. ಡಿಜಿಟಲ್ ಗಾಗಲಿನಲ್ಲಿ ಕಾಂಡದ ತೊಗಟೆ, ಬಳ್ಳಿಯ ಎಲೆ, ತೆಳ್ಳಗಿನ ಒಣ ಕೊಂಬೆಗಳೆಲ್ಲ ಸ್ಪಷ್ಟ. ಅನಲಾಗ್‌ನಲ್ಲಿ ಆ ಒಣ ಕೊಂಬೆ ಕಾಣುವುದೇ ಇಲ್ಲ. ಎಷ್ಟು ಬೇಗ ಬಂದರೇನು, ಬಂದ ಚಿತ್ರದಲ್ಲಿ ಕೊಂಬೆಯೇ ಇಲ್ಲದಿದ್ದರೆ ಪ್ರಯೋಜನವಿಲ್ಲ ಎಂಬ ವಾದವನ್ನು ನಾನು ಒಪ್ಪುತ್ತೇನೆ. ಸಿಗ್ನಲ್ ಇಳಿದಾಗ ಡಿಜಿಟಲ್ ಮೊದಲು ಅಂಚುಗಳನ್ನು ಮಸುಕುಮಾಡಿ ನಡುವಿನ ಭಾಗವನ್ನು ಮಾತ್ರ ಸ್ಪಷ್ಟವಾಗಿ ಇಟ್ಟುಕೊಳ್ಳುತ್ತದೆ. ಆ ಹಂತದಲ್ಲಿ ವಿಳಂಬ ಹತ್ತಿಪ್ಪತ್ತು ಮಿಲಿಸೆಕೆಂಡ್ ಏರಿದ್ದು ಕಂಡಿತು. ಅದಕ್ಕಿಂತ ಮುಂದೆ ಹೋದರೆ ಚಿತ್ರ ತುಂಡುತುಂಡಾಗಿ ನಿಲ್ಲುತ್ತದೆ.

ಸರಾಸರಿ ವಿಳಂಬಕ್ಕಿಂತ ಅದರ ಸ್ಥಿರತೆ ಮುಖ್ಯ ಎಂಬುದು ಮರಗಳ ನಡುವೆ ಹಾರಿಸಿದವರಿಗೆ ಬೇಗ ಮನವರಿಕೆಯಾಗುತ್ತದೆ. 40 ಮಿಲಿಸೆಕೆಂಡ್ ಸದಾ 40 ಆಗಿಯೇ ಇದ್ದರೆ ಕೈ ಅದಕ್ಕೆ ತಾನಾಗಿ ಹೊಂದಿಕೊಂಡು ತಿರುವನ್ನು ಅಷ್ಟು ಮುಂಚಿತವಾಗಿ ತೆಗೆದುಕೊಳ್ಳುತ್ತದೆ. ಒಮ್ಮೆ 30, ಮರುಕ್ಷಣ 60 ಆಗುವಂತಿದ್ದರೆ ಅಭ್ಯಾಸವೆಂಬುದು ಕೂರುವುದೇ ಇಲ್ಲ. ಈ ದೃಷ್ಟಿಯಿಂದ ಈ ನಾಲ್ಕರಲ್ಲಿ ಅನಲಾಗ್‌ಗೆ ಸಾಟಿಯಿಲ್ಲ. ಆದರೆ ನನಗೆ ಒಂದನ್ನೇ ಇಟ್ಟುಕೊಳ್ಳಿ ಎಂದರೆ ಡಿಜಿಟಲನ್ನೇ ಇಟ್ಟುಕೊಂಡು, ತೋಟದೊಳಗೆ ನೂರು ಮೀಟರಿಗಿಂತ ದೂರ ಹೋಗದೆ, ಅದರ ವಿಳಂಬ ಕದಲದ ವ್ಯಾಪ್ತಿಯಲ್ಲೇ ಹಾರಿಸುತ್ತೇನೆ.

ಮಂಜಿನ ಬಗ್ಗೆ ಒಂದು ಮಾತು. ಮಡಿಕೇರಿ, ಗಾಳಿಬೀಡು ಕಡೆಯವರು ಮಂಜು ಬಿದ್ದಾಗ ಸಿಗ್ನಲ್ ಹೋಗುತ್ತದೆ ಎನ್ನುವುದುಂಟು. ಈ ತರಂಗಾಂತರಗಳಲ್ಲಿ ಮಂಜು ರೇಡಿಯೋ ಅಲೆಯನ್ನು ತಡೆಯುವುದು ಅತ್ಯಲ್ಪ. ಮಂಜು ಬರುವ ಹೊತ್ತಿಗೆ ಎಲೆಗಳು ತೊಯ್ದಿರುತ್ತವೆ, ತಡೆಯುವುದು ಅವು. ಮಳೆ ನಿಂತ ಮರುಗಳಿಗೆಯಲ್ಲಿ ತೋಟದೊಳಗೆ ಮೂರನೆಯ ಮತ್ತು ನಾಲ್ಕನೆಯ ವ್ಯವಸ್ಥೆಗಳ ವ್ಯಾಪ್ತಿ ಒಣ ದಿನಕ್ಕಿಂತ ಎದ್ದು ಕಾಣುವಷ್ಟು ಕುಗ್ಗಿತ್ತು. ಅದೇ ಹೊತ್ತಿನಲ್ಲಿ ಗದ್ದೆಯ ಮೇಲೆ ವ್ಯತ್ಯಾಸವೇ ಇರಲಿಲ್ಲ. ಗುಡ್ಡದ ನೆತ್ತಿ ಅಡ್ಡ ಬಂದರಂತೂ ನಾಲ್ಕೂ ಒಂದೇ. ಅಲ್ಲಿ ಹೋಲಿಸಲು ಏನೂ ಉಳಿಯುವುದಿಲ್ಲ.

ಫೋನ್ ಮೂಲಕ ನೋಡುವ ಮೊದಲೆರಡು ವ್ಯವಸ್ಥೆಗಳಲ್ಲಿ ಫೋನ್ ಕೂಡ ವಿಳಂಬದ ಪಾಲುದಾರ. ಅದೇ ಮಿನಿ 2ಕ್ಕೆ ಹಳೆಯ ಅಗ್ಗದ ಫೋನ್ ಜೋಡಿಸಿದಾಗ ನಲವತ್ತು ಐವತ್ತು ಮಿಲಿಸೆಕೆಂಡ್ ಹೆಚ್ಚಾಯಿತು. ಬಿಸಿಲಿಗೆ ಫೋನ್ ಕಾದಾಗ ಇನ್ನೂ ಹೆಚ್ಚಾಯಿತು. ಹಾರಿಸುವಾಗ ಫೋನಿನಲ್ಲೇ ವಿಡಿಯೋ ಉಳಿಸಿಕೊಳ್ಳುವ ಆಯ್ಕೆಯನ್ನು ತೆಗೆದು, ಬೇರೆ ಆ್ಯಪ್‌ಗಳನ್ನು ಮುಚ್ಚಿ, ಫೋನನ್ನು ನೆರಳಿನಲ್ಲಿ ಹಿಡಿದರೆ ಖರ್ಚಿಲ್ಲದೆ ಇದರಲ್ಲಿ ಹೆಚ್ಚಿನ ಪಾಲು ವಾಪಸು ಸಿಗುತ್ತದೆ.

ಇನ್ನು ಚಿತ್ರ ಹೋದ ಮೇಲೆ ಹಿಡಿತ ಉಳಿಯುತ್ತದೆಯೇ ಎಂಬುದು. ಮೊದಲೆರಡರಲ್ಲಿ ಚಿತ್ರವೂ ಆಜ್ಞೆಯೂ ಒಂದೇ ಸಂಪರ್ಕದಲ್ಲಿ ಓಡಾಡುತ್ತವೆ. ಮಿನಿ 2 ಸಂಪರ್ಕ ಕಡಿದಾಗ ಜಿಪಿಎಸ್ ನೆರವಿನಿಂದ ಎದ್ದು ಹಿಂದಿರುಗುತ್ತದೆ. ಆದರೆ ಅದು ಹಿಂದಿರುಗುವಾಗ ಮೇಲೇರುವುದರಿಂದ ಮರದ ಕೆಳಗಿರುವಾಗ ಆ ಸೌಲಭ್ಯವೇ ಅಪಾಯ. ಜೋಡಿಸಿದ ಡ್ರೋನ್‌ಗಳಲ್ಲಿ ಆಜ್ಞೆಗೆ ಬೇರೆಯೇ ರಿಸೀವರ್ ಹಾಕಿಕೊಳ್ಳಬಹುದು. ನಮ್ಮ ದೇಶದಲ್ಲಿ ಪರವಾನಗಿ ಬೇಡದ 865–868 ಮೆಗಾಹರ್ಟ್ಜ್ ಪಟ್ಟಿಯಲ್ಲಿ ಕೆಲಸ ಮಾಡುವ ಎಕ್ಸ್‌ಪ್ರೆಸ್ಎಲ್ಆರ್‌ಎಸ್ ರಿಸೀವರನ್ನು ನಾನು ಎರಡಕ್ಕೂ ಹಾಕಿದ್ದೇನೆ. ಅದರ ಅಲೆ ಸುಮಾರು 35 ಸೆಂಟಿಮೀಟರ್ ಉದ್ದದ್ದಾದ್ದರಿಂದ ಎಲೆಗಳನ್ನು ಬಹಳ ಸುಲಭವಾಗಿ ದಾಟುತ್ತದೆ. ಗಾಗಲ್ ಕುರುಡಾದಾಗ ಡ್ರೋನನ್ನು ಕಣ್ಣಿಟ್ಟು ನೋಡುತ್ತಾ ಪಕ್ಕದಲ್ಲಿ ನಿಂತಿರುವ ತೋಟದ ರೈಟರ್ (ಕೆಲಸ, ಲೆಕ್ಕ ನೋಡಿಕೊಳ್ಳುವವರು) "ಎಡಕ್ಕೆ, ಇನ್ನೂ ಎಡಕ್ಕೆ, ಇಳಿಸಿ" ಎಂದರೆ ಅಷ್ಟು ಮಾಡಲು ಸಾಕಾಗುವ ಹಿಡಿತ ಉಳಿದಿರುತ್ತದೆ. ಗಾಗಲ್ ಹಾಕಿಕೊಂಡು ಹಾರಿಸುವಾಗ ಹೀಗೊಬ್ಬರು ಜೊತೆಗಿರಲೇಬೇಕು.

ಕೊಳ್ಳುವವರಿಗೆ: ಹೋಂಸ್ಟೇ, ಮದುವೆ, ತೋಟದ ಮೇಲ್ನೋಟ ಇಷ್ಟಕ್ಕಾದರೆ 250 ಗ್ರಾಮಿನೊಳಗಿದ್ದು ನ್ಯಾನೋ ವರ್ಗಕ್ಕೆ ಸೇರುವ ಮಿನಿ 2ರಂಥದ್ದು ಸಾಕು, ಅದಕ್ಕೆ ಒಳ್ಳೆಯ ಫೋನ್ ಇರಲಿ. ವೈಫೈ ಡ್ರೋನನ್ನು ಮಕ್ಕಳು ಗದ್ದೆಯಲ್ಲಿ ಹಾರಿಸಲಿ. ಮರಗಳ ನಡುವೆ ಹಾರಿಸಲು ಕಲಿಯುವವರು ಅನಲಾಗ್‌ನಿಂದ ಆರಂಭಿಸಿದರೆ, ಬಿದ್ದು ಮುರಿದ ಕ್ಯಾಮೆರಾ ಬದಲಿಸಲು ಡಿಜಿಟಲ್ ಏರ್ ಯೂನಿಟ್‌ಗೆ ತಗಲುವುದರ ಸಣ್ಣದೊಂದು ಪಾಲು ಖರ್ಚಾಗುತ್ತದೆ. ಕೈ ಕುದುರಿದ ಮೇಲೆ ಡಿಜಿಟಲ್‌ಗೆ ಹೋಗಬಹುದು. ಯಾವುದನ್ನೇ ಕೊಂಡರೂ ನಾಗರಹೊಳೆಯ ಅಂಚಿನ ತೋಟಗಳಲ್ಲಿ ಹಾರಿಸುವ ಮೊದಲು ಡ್ರೋನ್ ಎಲ್ಲಿ ಹಾರಿಸಬಹುದು ಎಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯನ್ನೂ ಅರಣ್ಯ ಇಲಾಖೆಯನ್ನೂ ವಿಚಾರಿಸಿ, ತೋಟಕ್ಕೆ ಆನೆ ಬಂದಿದೆಯೇ ಎಂದು ಲೈನ್ ಮನೆಗಳಲ್ಲಿರುವ ತೋಟದ ಕೆಲಸಗಾರರನ್ನೂ ಕೇಳಿಕೊಳ್ಳುವುದು ಕ್ಷೇಮ.