ಕೌಂಟರಿನ ನೋಟ್‌ಬುಕ್ಕಿನಲ್ಲಿ ಉಳಿದ ವೆಬ್ ಆ್ಯಪ್‌ಗಳು

ತೀರ್ಥಹಳ್ಳಿಯಲ್ಲಿ ನಮ್ಮದೊಂದು ಸಣ್ಣ ಝೆರಾಕ್ಸ್ ಅಂಗಡಿಯಿದೆ. ಆನ್‌ಲೈನ್ ಅರ್ಜಿ ತುಂಬುವುದು, ಪಹಣಿ ತೆಗೆದುಕೊಡುವುದು, ಲ್ಯಾಮಿನೇಷನ್ ಮಾಡುವುದು, ಕಾಲೇಜು ಮಕ್ಕಳ ಪ್ರಾಜೆಕ್ಟುಗಳಿಗೆ ಸ್ಪೈರಲ್ ಬೈಂಡಿಂಗ್ ಹಾಕುವುದು ಇಲ್ಲಿನ ದಿನನಿತ್ಯದ ಕೆಲಸ. ಕೌಂಟರಿನ ಮೇಲೆ ನೂರು ಪುಟದ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಬ್ರೌಸರಿನಲ್ಲೇ ತೆರೆದು ಬಳಸುವ ಯಾವುದಾದರೂ ಹೊಸ ವೆಬ್ ಆ್ಯಪ್ ಕಣ್ಣಿಗೆ ಬಿದ್ದರೆ, ಅಥವಾ ಅರ್ಜಿ ತುಂಬಿಸಲು ಬಂದ ಹುಡುಗರು "ಇದನ್ನು ನೋಡಿದ್ದೀರಾ ಅಕ್ಕಾ" ಎಂದು ಮೊಬೈಲ್ ಮುಂದೆ ಹಿಡಿದರೆ, ಅದರ ಹೆಸರನ್ನು ಅಲ್ಲಿ ಬರೆದುಕೊಂಡು, ರಾತ್ರಿ ಶಟರ್ ಅರ್ಧ ಎಳೆದ ಮೇಲೆ ಕುಳಿತು ಬಳಸಿ ನೋಡುತ್ತೇನೆ. ಬರೆದುಕೊಂಡ ಹೆಸರುಗಳಲ್ಲಿ ಹೆಚ್ಚಿನವಕ್ಕೆ ವಾರದೊಳಗೆ ಅಡ್ಡಗೆರೆ ಬೀಳುತ್ತದೆ. ಗೆರೆ ಬೀಳದೆ ಉಳಿದ ಆರರ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ.

ತೆರೆದ ಕೂಡಲೇ ಖಾತೆ ಮಾಡಿಕೊಳ್ಳಿ, ಮೊಬೈಲ್ ನಂಬರ್ ಕೊಡಿ ಎನ್ನುವವು, ಕೆಲಸವೆಲ್ಲ ಮುಗಿದು ಡೌನ್‌ಲೋಡ್ ಒತ್ತಿದಾಗ ಹಣ ಕೇಳುವವು ಮೊದಲೇ ಹೋಗುತ್ತವೆ. ಇನ್ನೊಂದು ಕಾರಣ ಮಲೆನಾಡಿನದೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಯಾವಾಗ ಯಾವ ಮರ ಲೈನಿನ ಮೇಲೆ ಬೀಳುತ್ತದೆಂದು ಹೇಳಲಾಗದು. ಕರೆಂಟು ಹೋದರೆ ಟವರಿನ ಬ್ಯಾಟರಿ ಇರುವಷ್ಟು ಹೊತ್ತು ಮಾತ್ರ ಸಿಗ್ನಲ್. ಅಂಥ ದಿನಗಳಲ್ಲಿ, ಪ್ರತಿಯೊಂದು ಹೆಜ್ಜೆಗೂ ದೂರದ ಸರ್ವರನ್ನು ಕೇಳುವ ಆ್ಯಪ್ ಎಷ್ಟು ಚೆಂದವಿದ್ದರೂ ನಮಗೆ ಪ್ರಯೋಜನವಿಲ್ಲ. ಆದ್ದರಿಂದ ಹೊಸದನ್ನು ಪರೀಕ್ಷಿಸುವಾಗ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ, ಈ ಕೆಲಸ ನಡೆಯುವುದು ನನ್ನ ಕಂಪ್ಯೂಟರಿನಲ್ಲೋ, ಬೇರೆಯವರದರಲ್ಲೋ ಎಂಬುದು.

ಈ ಪ್ರಶ್ನೆಯನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಎರಡು ವರ್ಷದ ಹಿಂದೆ ಪಿಡಿಎಫ್ ಜೋಡಿಸುವ ಒಂದು ಜಾಲತಾಣವನ್ನು ಅಂಗಡಿಯಲ್ಲಿ ಧಾರಾಳವಾಗಿ ಬಳಸುತ್ತಿದ್ದೆ. ಗಿರಾಕಿಗಳ ಆಧಾರ್ ಪ್ರತಿ, ಪಹಣಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ ಎಲ್ಲವನ್ನೂ ಅದಕ್ಕೆ ಹಾಕಿ ಒಂದೇ ಫೈಲ್ ಮಾಡಿಕೊಡುತ್ತಿದ್ದೆ. ಒಂದು ಬೆಳಿಗ್ಗೆ ಅದನ್ನು ತೆರೆದಾಗ 'ನಿಮ್ಮ ಹಿಂದಿನ ಫೈಲ್‌ಗಳು' ಎಂಬ ಪಟ್ಟಿ ಬಂತು. ಅದರಲ್ಲಿ ನನ್ನ ಕೈಯಾರೆ ಹೆಸರಿಟ್ಟ ಹತ್ತಾರು ಗಿರಾಕಿಗಳ ಕಾಗದಗಳು ಸಾಲಾಗಿ ನಿಂತಿದ್ದವು. ಅಳಿಸಲು ಹೋದರೆ ಖಾತೆ ಮಾಡಬೇಕೆಂದಿತು. ನನ್ನನ್ನು ನಂಬಿ ಕಾಗದ ಕೊಟ್ಟವರಿಗೆ ನಾನು ಮಾಡಿದ ಅನ್ಯಾಯವಿದು ಎಂಬ ಸಂಕಟ ಈಗಲೂ ಹೋಗಿಲ್ಲ.

ಅದಾದ ಮೇಲೆ ಸಿಕ್ಕಿದ್ದು ಸ್ಕ್ವೂಶ್. ಗೂಗಲ್ ಕ್ರೋಮ್ ತಂಡದವರು 2018ರಲ್ಲಿ ಹೊರತಂದ ಈ ಆ್ಯಪ್ ಮಾಡುವುದು ಒಂದೇ ಕೆಲಸ: ಚಿತ್ರದ ಫೈಲಿನ ಗಾತ್ರವನ್ನು ಇಳಿಸುವುದು. ನಮ್ಮಂಥ ಅಂಗಡಿಗಳಲ್ಲಿ ಇದಕ್ಕಿಂತ ಹೆಚ್ಚು ಸಲ ಬೇಕಾಗುವ ಕೆಲಸ ಇನ್ನೊಂದಿಲ್ಲ. ಅರ್ಜಿಗಳಲ್ಲಿ ಫೋಟೊ ಐವತ್ತು ಕೆ.ಬಿ. ಮೀರಬಾರದು, ಸಹಿ ಇಪ್ಪತ್ತು ಕೆ.ಬಿ. ಒಳಗಿರಬೇಕು ಎಂದೆಲ್ಲ ನಿಯಮವಿರುತ್ತದೆ. ಮಕ್ಕಳು ತರುವುದು ಮೊಬೈಲಿನಲ್ಲಿ ತೆಗೆದ ನಾಲ್ಕು ಎಂ.ಬಿ. ಫೋಟೊ.

ಸ್ಕ್ವೂಶ್‌ನಲ್ಲಿ ಫೋಟೊ ತೆರೆದರೆ ಪರದೆಯ ನಡುವೆ ಒಂದು ಗೆರೆ ಬರುತ್ತದೆ. ಗೆರೆಯ ಎಡಕ್ಕೆ ಮೂಲ ಫೋಟೊ, ಬಲಕ್ಕೆ ಇಳಿಸಿದ ಫೋಟೊ. ಗೆರೆಯನ್ನು ಬೆರಳಿನಿಂದ ಅತ್ತಿತ್ತ ಎಳೆದು ಒಂದೇ ಮುಖದ ಎರಡು ರೂಪಗಳನ್ನು ಹೋಲಿಸಬಹುದು. ಕಳೆದ ಜುಲೈನಲ್ಲಿ ಬಂದ ಒಬ್ಬ ಹುಡುಗಿಯ ಫೋಟೊವನ್ನು ನಾನೂರು ಪಿಕ್ಸೆಲ್ ಅಗಲಕ್ಕೆ ತಂದು, ಗುಣಮಟ್ಟದ ಅಂಕಿಯನ್ನು ಎಪ್ಪತ್ತೈದಕ್ಕೆ ಬಿಟ್ಟಾಗ ನಲವತ್ತು ಕೆ.ಬಿ. ಆಸುಪಾಸಿಗೆ ನಿಂತಿತು. ಇನ್ನೂ ಇಳಿಯುತ್ತದೆಯೋ ನೋಡೋಣವೆಂದು ಅಂಕಿಯನ್ನು ಮೂವತ್ತಕ್ಕೆ ಎಳೆದೆವು. ಕಿವಿಯ ಹಿಂದಿನ ಕೂದಲು ಸಣ್ಣ ಸಣ್ಣ ಚೌಕಗಳಾಗಿ ಒಡೆಯಿತು. ಕೆನ್ನೆಯ ಮೇಲೆ ತೇಪೆ ಹಾಕಿದಂತೆ ಕಂಡಿತು. ಫೋಟೊ ಉಳಿಸಿಡುವ ಜೆಪೆಗ್ ವಿಧಾನವು ಚಿತ್ರವನ್ನು ಎಂಟು ಪಿಕ್ಸೆಲ್ ಉದ್ದ, ಎಂಟು ಪಿಕ್ಸೆಲ್ ಅಗಲದ ಚೌಕಗಳಾಗಿ ಕತ್ತರಿಸಿ, ಒಂದೊಂದು ಚೌಕದೊಳಗಿನ ಸೂಕ್ಷ್ಮ ವಿವರವನ್ನು ಬಿಟ್ಟುಕೊಡುತ್ತಾ ಗಾತ್ರ ಇಳಿಸುತ್ತದೆ. ಅತಿಯಾಗಿ ಇಳಿಸಿದಾಗ ಆ ಚೌಕಗಳ ಅಂಚೇ ಎದ್ದು ಕಾಣುತ್ತದೆ. ಇದನ್ನು ಪುಸ್ತಕದಲ್ಲಿ ಓದಿದ್ದರೂ ಕಣ್ಣಾರೆ ನೋಡಿದ್ದು ಅಂದೇ. ಅಂಕಿಯನ್ನು ಮತ್ತೆ ಮೇಲಕ್ಕೆ ತಂದಾಗ ಕೂದಲು ಕೂದಲಾಯಿತು. ಪ್ರವೇಶಪತ್ರದ ಮೇಲೆ ತನ್ನ ಮುಖ ಸ್ಪಷ್ಟವಾಗಿರಬೇಕೆಂದು ಬಯಸುವ ಮಗುವಿಗೆ ಇಷ್ಟನ್ನು ತೋರಿಸಿಕೊಡುವ ಬೇರೆ ಆ್ಯಪ್ ನನಗೆ ಸಿಕ್ಕಿಲ್ಲ.

ಇಷ್ಟೆಲ್ಲ ನಡೆಯುವುದು ಬ್ರೌಸರಿನೊಳಗೇ. ಫೋಟೊ ಎಲ್ಲಿಗೂ ಹೋಗುವುದಿಲ್ಲ. ಒಮ್ಮೆ ತೆರೆದುಕೊಂಡ ಮೇಲೆ ಇಂಟರ್ನೆಟ್ ಇಲ್ಲದೆಯೂ ಓಡುತ್ತದೆ. ಅನುಮಾನವಿರುವ ಗಿರಾಕಿಗಳ ಎದುರಿನಲ್ಲಿ ರೂಟರಿನ ಪಿನ್ ಕಿತ್ತು, ಆಮೇಲೆ ಫೋಟೊ ಇಳಿಸಿ ತೋರಿಸುತ್ತೇನೆ. ಕರೆಂಟು ಹೋಗಿ ಯುಪಿಎಸ್ ಕಿರುಗುಟ್ಟುವಾಗಲೂ ಫೋಟೊಗಳನ್ನು ಸಿದ್ಧಪಡಿಸಿಟ್ಟು, ಸಿಗ್ನಲ್ ಬಂದ ಕೂಡಲೇ ಅರ್ಜಿಗೆ ಏರಿಸಿದ್ದು ಎಷ್ಟೋ ಸಲ.

ಕೊರತೆಗಳಿಲ್ಲದಿಲ್ಲ. ಒಂದು ಸಲಕ್ಕೆ ಒಂದೇ ಫೋಟೊ. ಐವತ್ತು ಕೆ.ಬಿ.ಗೆ ತಂದುಕೊಡು ಎಂದು ಹೇಳುವ ಅನುಕೂಲವಿಲ್ಲ. ಅಂಕಿಯನ್ನು ನಾವೇ ಎಳೆದು ಹೊಂದಿಸಬೇಕು. ಫೋಟೊದ ಅಂಚು ಕತ್ತರಿಸಲು ಬಾರದು ಎಂಬುದು ದೊಡ್ಡ ಕೊರತೆ. ಅದಕ್ಕಾಗಿ ನಾನು ಫೋಟೊಪೀ ತೆರೆಯುತ್ತೇನೆ. ಇವಾನ್ ಕುಟ್ಸ್‌ಕಿರ್ ಎಂಬೊಬ್ಬರು ಕಟ್ಟಿ 2013ರಲ್ಲಿ ಬಿಡುಗಡೆ ಮಾಡಿದ ಈ ಆ್ಯಪ್ ಫೋಟೊಶಾಪಿನ ಪಿಎಸ್‌ಡಿ ಫೈಲುಗಳನ್ನೂ ತೆರೆಯುತ್ತದೆ. ಫ್ಲೆಕ್ಸ್ ಅಂಗಡಿಯವರು ಕಳಿಸಿದ ಗೃಹಪ್ರವೇಶದ ಆಮಂತ್ರಣದಲ್ಲಿ ಒಂದು ದಿನಾಂಕ ತಿದ್ದುವುದಕ್ಕೆ ಇದು ಸಾಕು. ಇದೂ ನಮ್ಮ ಕಂಪ್ಯೂಟರಿನಲ್ಲೇ ಕೆಲಸ ಮಾಡುತ್ತದೆ. ಬಲಬದಿಯ ಜಾಹೀರಾತು ಜಾಗ ತಿನ್ನುತ್ತದೆ, ಹಳೆಯ ಕಂಪ್ಯೂಟರಿನಲ್ಲಿ ದೊಡ್ಡ ಫೈಲು ತೆರೆದರೆ ಏದುಸಿರು ಬಿಡುತ್ತದೆ. ಇಷ್ಟು ಬಿಟ್ಟರೆ ತಕರಾರಿಲ್ಲ.

ಮೂರನೆಯದು ಅಲರ್. ಇದು ಕನ್ನಡ-ಇಂಗ್ಲಿಷ್ ನಿಘಂಟು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕುಳಿತು ಸಂಗ್ರಹಿಸಿದ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳನ್ನು 2019ರಲ್ಲಿ ಕೈಲಾಶ್ ನಾಧ್ ಅವರು ಜಾಲಕ್ಕೆ ತಂದರು. ನಿಘಂಟಿನ ಇಡೀ ಮಾಹಿತಿಯನ್ನು ಮುಕ್ತ ಪರವಾನಗಿಯಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಪುಟ ಹಗುರ, ಎರಡು ಕಡ್ಡಿ ಸಿಗ್ನಲ್ ಇದ್ದರೂ ತೆರೆದುಕೊಳ್ಳುತ್ತದೆ. ಖಾತೆಯಿಲ್ಲ, ಜಾಹೀರಾತಿಲ್ಲ. ಬೆಂಗಳೂರಿನ ಕಂಪನಿಗೋ ಬ್ಯಾಂಕಿಗೋ ಇಂಗ್ಲಿಷಿನಲ್ಲಿ ಪತ್ರ ಬರೆಸಲು ಬರುವ ರೈತರು 'ಹಿಡುವಳಿ', 'ವಾರಸು' ಮುಂತಾದ ಪದಗಳನ್ನು ಬಳಸಿದಾಗ ಸರಿಯಾದ ಇಂಗ್ಲಿಷ್ ಪದಕ್ಕಾಗಿ ಇದರ ಮೊರೆ ಹೋಗುತ್ತೇನೆ. ಅಲರ್ ಎಂದರೆ ಹೂವು, ಅರಳು ಎಂದು ಅರ್ಥ; ಒಬ್ಬರ ಜೀವಮಾನದ ದುಡಿಮೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟ ಈ ಕೆಲಸಕ್ಕೆ ಆ ಹೆಸರು ತಕ್ಕುದಾಗಿದೆ. ನಮ್ಮ ಭಾಷೆಗೆ ಇಂಥ ಇನ್ನೂ ಹತ್ತು ಆ್ಯಪ್‌ಗಳು ಬರಬೇಕು.

ಹವಾಮಾನ ತೋರಿಸುವ ವಿಂಡಿಯ ವಿಷಯ ಬೇರೆ. ಹವಾಮಾನದ ಲೆಕ್ಕ ನಮ್ಮ ಕಂಪ್ಯೂಟರಿನಿಂದ ಆಗುವಂಥದ್ದಲ್ಲ, ನಾವು ಅದಕ್ಕೆ ಕೊಡಬೇಕಾದ ಖಾಸಗಿ ಕಾಗದವೂ ಇಲ್ಲ. ಹಾಗಾಗಿ ಇದನ್ನು ನಾನು ಅಂಗಡಿಯ ಕಣ್ಣಿನಿಂದಲ್ಲ, ತೋಟದ ಕಣ್ಣಿನಿಂದ ನೋಡುತ್ತೇನೆ. ಝೆಕ್ ದೇಶದ ಇವೊ ಲುಕಾಚೊವಿಚ್ 2014ರಲ್ಲಿ ಆರಂಭಿಸಿದ ಈ ಆ್ಯಪಿನಲ್ಲಿ ಗಾಳಿಯ ಹರಿವು ನಕ್ಷೆಯ ಮೇಲೆ ಎಳೆ ಎಳೆಯಾಗಿ ಓಡುವುದನ್ನು ನೋಡುವುದೇ ಒಂದು ಸೊಗಸು. ಅಡಿಕೆ ತೋಟದವರಿಗೆ ಕೊಳೆರೋಗದ ಔಷಧಿ ಹೊಡೆಸುವ ಹೊತ್ತು ಗೊತ್ತುಮಾಡಲು ಇದು ಬೇಕು. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣದಂತೆ ಬೋರ್ಡೋ ದ್ರಾವಣ ಕಲಸಿ, ಮುಂಗಾರು ಹಿಡಿಯುವ ಮೊದಲೊಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ ಹೊಡೆಸುವುದು ವಾಡಿಕೆ. ಎರಡನೆಯ ಸಲಕ್ಕೆ ಮಳೆ ಹೊಳವಾಗುವುದನ್ನು ಕಾಯಬೇಕು; ಔಷಧಿ ಗೊನೆಯ ಮೇಲೆ ಒಣಗುವ ಮೊದಲೇ ಮಳೆ ಬಂದರೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರ ಕೂಲಿ, ಮೈಲುತುತ್ತ ಎರಡೂ ನೀರುಪಾಲು.

ಮೂರು ದಿನ ಮುಂಚಿತವಾಗಿ ಮಳೆಯ ಜೋರು ತಗ್ಗುತ್ತದೆ ಎಂಬ ಸೂಚನೆಯನ್ನು ವಿಂಡಿ ಹಲವು ಸಲ ಸರಿಯಾಗಿ ಕೊಟ್ಟಿದೆ. ಗಂಟೆಯ ಲೆಕ್ಕದಲ್ಲಿ ಮಾತ್ರ ಅದನ್ನು ನಂಬಲಾರೆ. ಅದು ತೋರಿಸುವ, ಕಂಪ್ಯೂಟರಿನಲ್ಲಿ ಹವಾಮಾನ ಅಂದಾಜಿಸುವ ಯುರೋಪಿನ ಮಾದರಿಯ ಲೆಕ್ಕಕ್ಕೆ ಭೂಮಿ ಒಂಬತ್ತು ಕಿ.ಮೀ. ಅಂತರದ ಚೌಕಗಳ ಬಲೆ. ನಮ್ಮ ಘಟ್ಟವೋ, ಒಂದು ಗುಡ್ಡ ದಾಟಿದರೆ ಬೇರೆ ಮಳೆ. ವರ್ಷಕ್ಕೆ ಏಳು ಸಾವಿರ ಮಿ.ಮೀ. ಮೀರಿ ಸುರಿಯುವ ಆಗುಂಬೆಯಿಂದ, ಸಾವಿರ ಮಿ.ಮೀ. ಆಸುಪಾಸಿನ ಶಿವಮೊಗ್ಗ ಪೇಟೆಗೆ ತೊಂಬತ್ತು ಚಿಲ್ಲರೆ ಕಿ.ಮೀ. ದಾರಿ. ಅಷ್ಟರೊಳಗೆ ಆಗುವ ಈ ಇಳಿತವನ್ನು ಒಂಬತ್ತು ಕಿ.ಮೀ. ಬಲೆ ಸ್ಥೂಲವಾಗಿ ಮಾತ್ರ ಹಿಡಿಯಬಲ್ಲದು. ಎರಡು ಮಾದರಿಗಳನ್ನು ಹೋಲಿಸುವ ಸೌಲಭ್ಯ ಅದರಲ್ಲೇ ಇದೆ. ಎರಡೂ ಒಂದೇ ಮಾತು ಹೇಳಿದರೆ ಕೊನೆಗಾರರಿಗೆ ಫೋನ್ ಮಾಡುತ್ತೇವೆ, ಬೇರೆ ಬೇರೆ ಹೇಳಿದರೆ ಆಕಾಶ ನೋಡುತ್ತೇವೆ.

ಆಕಾಶದ ಮಾತು ಬಂದದ್ದರಿಂದ, ಈ ನೋಟ್‌ಬುಕ್ಕಿನಲ್ಲಿ ನನಗೆ ಎಲ್ಲಕ್ಕಿಂತ ಸಂತೋಷ ಕೊಟ್ಟ ಸ್ಟೆಲ್ಲೇರಿಯಂ ವೆಬ್ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯಬೇಕು. ಬ್ರೌಸರಿನಲ್ಲಿ ತೆರೆದರೆ ನಾವಿರುವ ಊರಿನ ಆಕಾಶ ಪರದೆಯ ಮೇಲೆ ಬರುತ್ತದೆ. ಸಮಯವನ್ನು ಹಿಂದೆ ಮುಂದೆ ಸರಿಸಬಹುದು, ನೆಲವನ್ನು ತೆಗೆದುಹಾಕಬಹುದು, ವಾತಾವರಣವನ್ನು ಕೂಡ ಒಂದು ಗುಂಡಿಯಿಂದ ಆರಿಸಬಹುದು. ಈ ಕೊನೆಯ ಗುಂಡಿಯ ಮಹತ್ವ ನನಗೆ ತಿಳಿದದ್ದು ನಮ್ಮ ಅತ್ತೆಯವರಿಂದ.

ನಮ್ಮತ್ತೆ ಮಳೆಯನ್ನು ತಿಂಗಳಿನಿಂದ ಎಣಿಸುವವರಲ್ಲ. ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ ಎಂದೇ ಅವರ ಲೆಕ್ಕ. ಗೋಡೆಯ ಕ್ಯಾಲೆಂಡರ್ ನೋಡಿ "ಇವತ್ತು ಆರಿದ್ರಾ ಹುಟ್ಟುತ್ತದೆ" ಎಂದು ಅವರು ಹೇಳಿದ ದಿನ ಮಗಳು, "ಮೋಡದಲ್ಲಿ ಒಂದು ನಕ್ಷತ್ರವೂ ಕಾಣಿಸುವುದಿಲ್ಲವಲ್ಲ ಅಜ್ಜಿ, ಮಳೆಗೆ ನಕ್ಷತ್ರದ ಹೆಸರು ಯಾಕೆ?" ಎಂದು ಕೇಳಿದಳು. ಅತ್ತೆ ನನ್ನ ಕಡೆ ನೋಡಿದರು. ಆ ಸಂಜೆ ಸ್ಟೆಲ್ಲೇರಿಯಂ ತೆರೆದು, ಊರು ತೀರ್ಥಹಳ್ಳಿ ಎಂದು ಕೊಟ್ಟು, ಸಮಯವನ್ನು ಜೂನ್ 22ರ ಮಧ್ಯಾಹ್ನ ಹನ್ನೆರಡೂವರೆಗೆ ಇಟ್ಟೆ. ಪರದೆಯ ತುಂಬಾ ನೀಲಿ, ನೆತ್ತಿಯ ಹತ್ತಿರ ಸೂರ್ಯ. ವಾತಾವರಣದ ಗುಂಡಿ ಒತ್ತಿದೆ. ನೀಲಿ ಕರಗಿ, ಹಾಡುಹಗಲಿನಲ್ಲೇ ನಕ್ಷತ್ರಗಳು ಮೂಡಿದವು. ಸೂರ್ಯ ನೆತ್ತಿಯಿಂದ ಕೊಂಚ ಉತ್ತರಕ್ಕಿದ್ದರೆ, ಸರಿಯಾಗಿ ಅದರ ಕೆಳಗೆ, ನೆತ್ತಿಯಿಂದ ಕೊಂಚ ದಕ್ಷಿಣಕ್ಕೆ, ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಹೆಗಲಿನಲ್ಲಿ ಕೆಂಪಗೆ ಆರ್ದ್ರಾ ನಕ್ಷತ್ರ ನಿಂತಿತ್ತು.

ಮಳೆಯ ಹೆಸರು ರಾತ್ರಿ ಕಾಣುವ ನಕ್ಷತ್ರದ್ದಲ್ಲ, ಸೂರ್ಯ ಆ ಹದಿಮೂರು ಹದಿನಾಲ್ಕು ದಿನ ಯಾವ ನಕ್ಷತ್ರದ ನೆರೆಯಲ್ಲಿ ನಡೆಯುತ್ತಾನೋ ಅದರದ್ದು. ಸೂರ್ಯನ ಬೆಳಕಿನಲ್ಲಿ ಮುಳುಗಿರುವ ಕಾರಣಕ್ಕೇ ಅದನ್ನು ಆಗ ಕಾಣಲಾಗದು. ಇಪ್ಪತ್ತೇಳು ನಕ್ಷತ್ರಗಳಿಗೆ ಹೀಗೆ ಹಂಚಿದರೆ ವರ್ಷವೊಂದು ತುಂಬುತ್ತದೆ. ದಿನಗಳನ್ನು ಒಂದೊಂದಾಗಿ ಮುಂದೆ ಸರಿಸಿದಾಗ ಸೂರ್ಯ ಪುನರ್ವಸುವಿನ ಜೋಡಿ ನಕ್ಷತ್ರಗಳ ಕಡೆಗೆ ಮೆಲ್ಲಗೆ ಜರುಗುವುದನ್ನು ಮಗಳು ಬೆರಳಿಟ್ಟು ತೋರಿಸಿದಳು. ಅತ್ತೆ ಕನ್ನಡಕ ಒರೆಸಿಕೊಂಡು ಹತ್ತಿರ ಬಂದು, "ಮಘೆಯ ತನಕ ನಡೆಸು ನೋಡೋಣ" ಎಂದರು. ಹೊರಗೆ ಜಡಿಮಳೆ ಹೊಯ್ಯುತ್ತಿತ್ತು. ನಾವು ಆಗಸ್ಟ್ ತನಕ ಹೋಗಿ ಬಂದೆವು.

ಈ ಆ್ಯಪಿನಲ್ಲಿ ನನಗೆ ಕಂಡ ಹೆಸರುಗಳೆಲ್ಲ ಇಂಗ್ಲಿಷಿನವು, ಆರ್ದ್ರಾ ಅಲ್ಲಿ ಬೀಟಲ್‌ಜೂಸ್. ಇದೊಂದನ್ನು ದೊಡ್ಡವರು ಪಕ್ಕದಲ್ಲಿ ಕುಳಿತು ಹೇಳಿಕೊಡಬೇಕು. ಆರಂಭದಲ್ಲಿ ತೆರೆದುಕೊಳ್ಳಲು ಒಳ್ಳೆಯ ಸಿಗ್ನಲ್ ಕೂಡ ಬೇಕು. ಆದರೆ ವರ್ಷದ ನಾಲ್ಕು ತಿಂಗಳು ಮೋಡದಡಿಯಲ್ಲೇ ಬದುಕುವ ಮಲೆನಾಡಿನ ಮಕ್ಕಳಿಗೆ ಮೋಡದಾಚೆಗಿನದನ್ನು ಬಿಚ್ಚಿ ತೋರಿಸುವ ಈ ಆ್ಯಪನ್ನು ಪ್ರತಿ ಶಾಲೆಯೂ ಒಮ್ಮೆ ತೆರೆಯಬೇಕು.

ಉಳಿದದ್ದು ರೇಡಿಯೊ ಗಾರ್ಡನ್, ಬರೀ ಸಂತೋಷಕ್ಕೆ. ನೆದರ್ಲೆಂಡ್ಸ್‌ನಲ್ಲಿ ಹುಟ್ಟಿ 2016ರಲ್ಲಿ ಎಲ್ಲರಿಗೂ ದೊರೆತ ಇದರಲ್ಲಿ ಭೂಗೋಳವನ್ನು ಬೆರಳಿನಿಂದ ತಿರುಗಿಸಿ, ಹಸಿರು ಚುಕ್ಕಿಯ ಮೇಲೆ ನಿಲ್ಲಿಸಿದರೆ ಆ ಊರಿನ ರೇಡಿಯೊ ಈ ಕ್ಷಣ ಏನು ನುಡಿಸುತ್ತಿದೆಯೋ ಅದು ಕೇಳಿಸುತ್ತದೆ. ಪ್ರಾಜೆಕ್ಟ್ ಬೈಂಡಿಂಗ್ ಮಾಡುವ ರಾತ್ರಿಗಳಲ್ಲಿ ಇದನ್ನು ಹಚ್ಚಿಡುತ್ತೇನೆ. ಸೆಕೆಂಡಿಗೆ 128 ಕಿಲೋಬಿಟ್ (ಕೆಬಿಪಿಎಸ್) ಕಳಿಸುವ ನಿಲಯವಾದರೆ ಗಂಟೆಗೆ ಐವತ್ತೇಳು ಎಂ.ಬಿ. ಆಸುಪಾಸು ಡೇಟಾ ಖರ್ಚಾಗುತ್ತದೆ, ವಿಡಿಯೊ ನೋಡುವುದಕ್ಕೆ ಹೋಲಿಸಿದರೆ ಅದು ಏನೂ ಅಲ್ಲ. ಸಿಗ್ನಲ್ ಕುಂದಿದಾಗ ಹಾಡು ತಡವರಿಸುತ್ತದೆ. ಆಗ ಅದನ್ನು ನಿಲ್ಲಿಸಿ ಹಂಚಿನ ಮೇಲಿನ ಮಳೆ ಕೇಳುತ್ತಾ ಬೈಂಡಿಂಗ್ ಮುಗಿಸುತ್ತೇನೆ.